ಕಾರವಾರಕ್ಕೆ ಎರಡು ದಿನ ಸಾಕಾ? ಸಾಕು, ಆದರೆ ಗೋಕರ್ಣ ತುರುಕಬೇಡಿ

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ, ಮಗುವನ್ನು ಕರೆದುಕೊಂಡು ರೈಲಿನಲ್ಲಿ ಬರ್ತೀವಿ, ಎರಡು ದಿನದಲ್ಲಿ ಕಾರವಾರ, ಗೋಕರ್ಣ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಹಿರಿಯರಿಗೆ ಸುಸ್ತಾಗುತ್ತೆ. ಕಾರವಾರಕ್ಕಷ್ಟೇ ಬನ್ನಿ.

ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿನಿಂದ ಸ್ವಲ್ಪ ದೂರ, ಆಟೋ ಹಿಡಿಯಲೇಬೇಕು. ಮೊದಲ ದಿನ ಸಂಜೆ ಟ್ಯಾಗೋರ್ ಕಡಲತೀರ. 1880ರ ದಶಕದಲ್ಲಿ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ದ ರವೀಂದ್ರನಾಥರು ಇದೇ ತೀರ ನೋಡಿ ಮನಸೋತಿದ್ದರು. ಪಕ್ಕದಲ್ಲೇ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಮಗುವಿಗೆ ಖಂಡಿತ ಇಷ್ಟವಾಗುತ್ತೆ, ಆದರೆ ಒಳಗಿನ ಏಣಿ ಕಡಿದು, ಇಕ್ಕಟ್ಟು, ಮಂಡಿನೋವಿದ್ದವರು ಹೊರಗಿಂದಲೇ ನೋಡಲಿ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ. ಸೋಂದೆ ಅರಸರ ಕೋಟೆ ಅದು. ಗೋಡೆಗಳು ಜಾಸ್ತಿ ಉಳಿದಿಲ್ಲ ನಿಜ, ಆದರೆ ಮೇಲೆ ನಿಂತರೆ ಕಾಳಿ ನದಿ ಸಮುದ್ರ ಸೇರುವ ಜಾಗ, ಗಾಳಿಮರಗಳ ದೇವಬಾಗ ದಂಡೆ, ಅದರಾಚೆ ಕೂರ್ಮಗಡ ದ್ವೀಪ ಎಲ್ಲಾ ಒಟ್ಟಿಗೆ ಕಾಣಿಸುತ್ತೆ, ನನಗಂತೂ ಇಡೀ ಜಿಲ್ಲೆಯಲ್ಲಿ ಇಷ್ಟದ ಜಾಗ ಇದೇ. ಮಧ್ಯಾಹ್ನ ಮೀನು ತಿನ್ನುವವರಾದರೆ ಬಂಗುಡೆ ಫ್ರೈ, ಜೊತೆಗೆ ಸೋಲಕಡಿ (ಕೋಕಂ, ತೆಂಗಿನ ಹಾಲಿನ ಪಾನೀಯ) ಬಿಡಬೇಡಿ. ಸಮಯ ಉಳಿದರೆ ಮಾಜಾಳಿ ಪಕ್ಕದ ತಿಳಮಾತಿ, ಅಲ್ಲಿನ ಮರಳು ಕಪ್ಪು ಎಳ್ಳಿನ ಹಾಗಿರುತ್ತೆ. ಸ್ವಲ್ಪ ನಡೆಯಬೇಕು, ಅಪ್ಪ-ಅಮ್ಮನನ್ನು ಕೇಳಿ ನಿರ್ಧರಿಸಿ.

ಮಿರ್ಜಾನ್ ಕೋಟೆ ಕುಮಟಾ ಕಡೆಗಿದೆ, ಅದನ್ನು ಗೋಕರ್ಣಕ್ಕೆ ಬರುವಾಗ ನೋಡಿ.