ಲಿಫ್ಟ್ ಮಾಡಿಸಿದ ಥಾರ್: ಮಾರುವ ಮುಂಚೆ

ಮಂಡ್ಯದಲ್ಲಿರೋ ನಿಮ್ಮ 2012ರ ಥಾರ್ ಜೀಪಿಗೆ ಗಾಡಿ ಎತ್ತರಿಸೋ ಲಿಫ್ಟ್ ಕಿಟ್, 31 ಇಂಚಿನ ಟೈರು, ಸಿಕ್ಕಿಕೊಂಡ ಗಾಡಿ ಎಳೆಯೋ ವಿಂಚು ಎಲ್ಲ ಇದೆ. ಈಗ ಓಡೋದು ಮೈಸೂರಿನ ಆಫೀಸಿಗೆ ಮಾತ್ರ, ಕೊಡಲಾ ಇಟ್ಕೊಳ್ಳಲಾ ಅಂತ ಕೇಳಿದ್ದೀರಿ. ಕೊಡಿ ಸರ್, ಆದರೆ ಹಾಗೇ ಕೊಡಬೇಡಿ.

ಮಾಡಿಫೈಗೆ ಹಾಕಿದ ದುಡ್ಡು ಸೆಕೆಂಡ್ ಹ್ಯಾಂಡ್ ರೇಟಲ್ಲಿ ವಾಪಸ್ ಬರಲ್ಲ. ವಿಂಚು, ಟೈರು, ಬಂಪರು ಬಿಚ್ಚಿ ಬೇರೆ ಮಾರಿ. ಹಳೇ ಪಾರ್ಟ್ಸು ಅಟ್ಟದ ಮೇಲಿದ್ದರೆ ನಿಮ್ಮ ಪುಣ್ಯ, ಹಾಕಿಸಿಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ. 15 ವರ್ಷ ತುಂಬಿ 2027ರಲ್ಲಿ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಲೇಬೇಕು. ತಿಳಿದ ಗಿರಾಕಿ ಅದನ್ನೇ ಹಿಡ್ಕೊಂಡು ಚೌಕಾಸಿ ಮಾಡ್ತಾನೆ.

ಒಂದು ಸಲ ಮುಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿ. ಲಿಫ್ಟ್ ಮಾಡಿದರೆ ಚಕ್ರ ತಿರುಗಿಸೋ ಡ್ರೈವ್ ಶಾಫ್ಟು ಜಾಸ್ತಿ ಓರೆಯಾಗಿ ತಿರುಗುತ್ತೆ, ಜಾಯಿಂಟು ಮುಚ್ಚಿರೋ ರಬ್ಬರ್ ಬೂಟು ಸೀಳಿ ರಿಮ್ ಒಳಗೆಲ್ಲ ಕಪ್ಪು ಗ್ರೀಸು ಎರಚಿರಬಹುದು. ಹಾಗಿದ್ದರೆ ಮೊದಲು ರಿಪೇರಿ. ಇನ್ನೊಂದು, ಕಂಪನಿ ಟೈರಿಗಿಂತ ದೊಡ್ಡದಾದ ಈ ಟೈರಲ್ಲಿ ಮೀಟರು 80 ತೋರಿಸುವಾಗ ಗಾಡಿ ಸುಮಾರು 86ರಲ್ಲಿರುತ್ತೆ. ಕಿಲೋಮೀಟರೂ ಕಮ್ಮಿಯೇ ಏರಿರುತ್ತೆ. ಕೊಳ್ಳೋರಿಗೆ ನೀವೇ ಹೇಳಿಬಿಡಿ.

ತೋಟ, ಗದ್ದೆ ಕೆಸರಿಗೆ ಇಳಿಯೋ ಕೆಲಸ ಇದ್ದಿದ್ದರೆ ಇಟ್ಕೊಳ್ಳಿ ಅಂತಿದ್ದೆ. ಹೈವೇಗೆ ಈ ಎತ್ತರ ದಂಡ, ತಿರುವಲ್ಲಿ ವಾಲಾಟ ಬೇರೆ. ಇನ್ಶೂರೆನ್ಸಲ್ಲಿ ಮಾಡಿಫಿಕೇಶನ್ ಬರೆಸಿದ್ದೀರಾ?