ನನ್ನ ಅಕೌಂಟಲ್ಲಿ ನೆಟ್ ಬರುತ್ತೆ, ಮಗಳದ್ದರಲ್ಲಿ ಇಲ್ಲ!

ಪ್ರಶ್ನೆ (ಡೊಂಬಿವಲಿ): ಮನೆಯಲ್ಲಿ ಒಂದೇ ಕಂಪ್ಯೂಟರ್, ವಿಂಡೋಸ್ 10. ನನಗೊಂದು, ಮಗಳಿಗೊಂದು ಅಕೌಂಟ್. ರೂಟರ್ ಇಲ್ಲ, ಟೆರೇಸಿನಿಂದ ಇಳಿದ ವೈರನ್ನು ನೇರ ಕಂಪ್ಯೂಟರಿಗೇ ಸಿಕ್ಕಿಸಿದ್ದಾರೆ. ನನ್ನ ಅಕೌಂಟಿನಲ್ಲಿ 'ಬ್ರಾಡ್‌ಬ್ಯಾಂಡ್ ಕನೆಕ್ಷನ್' ಒತ್ತಿದರೆ ನೆಟ್ ಬರುತ್ತದೆ. ಮಗಳ ಅಕೌಂಟಿನಲ್ಲಿ ಆ ಹೆಸರೇ ಇಲ್ಲ. ಕೇಬಲ್‌ನವರು 'ಲೈನ್ ಠೀಕ್ ಆಹೆ' ಅಂತ ಹೇಳಿ ಹೋದರು.

ಉತ್ತರ: ಅವರು ಹೇಳಿದ್ದು ಸರಿ. ಒಂದು ಅಕೌಂಟಿನಲ್ಲಿ ನೆಟ್ ಬರುತ್ತಿದೆ ಅಂದಮೇಲೆ ವೈರೂ ಸರಿ, ಪ್ಲಾನೂ ಸರಿ, ಕಂಪ್ಯೂಟರಿನಲ್ಲಿ ಆ ವೈರ್ ಸಿಕ್ಕಿಸುವ ಲ್ಯಾನ್ ಕಾರ್ಡೂ ಸರಿ. ಸುಮ್ನೆ ವಿಂಡೋಸ್ ಹೊಸದಾಗಿ ಹಾಕಿಸಲು ದುಡ್ಡು ಕೊಡಬೇಡಿ.

ನಿಮ್ಮದು ಪಿಪಿಪಿಓಇ ಕನೆಕ್ಷನ್, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವಂಥದ್ದು. ಅದನ್ನು ಮಾಡಿಕೊಟ್ಟವರು ಒಂದು ಚಿಕ್ಕ ಟಿಕ್ ಹಾಕದೆ ಬಿಟ್ಟಿದ್ದಾರೆ, ಹಾಗಾಗಿ ವಿಂಡೋಸ್ ಅದನ್ನು ನಿಮ್ಮ ಅಕೌಂಟಿನ ಫೋಲ್ಡರಿನಲ್ಲೇ ಇಟ್ಟುಕೊಂಡಿದೆ, ಮಗಳಿಗೆ ಕಾಣುವುದಾದರೂ ಹೇಗೆ? ನಿಮ್ಮ ಅಕೌಂಟಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಡಯಲ್-ಅಪ್‌ಗೆ ಹೋಗಿ 'ಸೆಟ್ ಅಪ್ ಎ ನ್ಯೂ ಕನೆಕ್ಷನ್' ಒತ್ತಿ. ಬ್ರಾಡ್‌ಬ್ಯಾಂಡ್ ಆರಿಸಿ. ಪಾಸ್‌ವರ್ಡ್ ಕೇಳುವ ಪುಟದ ಕೊನೆಯಲ್ಲಿ 'ಅಲೌ ಅದರ್ ಪೀಪಲ್ ಟು ಯೂಸ್ ದಿಸ್ ಕನೆಕ್ಷನ್' ಅಂತ ಇರುತ್ತದೆ, ಪಕ್ಕದಲ್ಲಿ ಪುಟ್ಟ ಗುರಾಣಿ ಚಿತ್ರ. ಅಲ್ಲಿ ಟಿಕ್ ಹಾಕಿ. ಹಳೆಯ ಕನೆಕ್ಷನ್ ಅಳಿಸಿ. ಇಷ್ಟಾದರೂ ಒಬ್ಬರು ಸೈನ್ ಔಟ್ ಮಾಡಿದರೆ ಕನೆಕ್ಷನ್ ಕಡಿದುಹೋಗುತ್ತದೆ, ಇನ್ನೊಬ್ಬರು ಮತ್ತೆ ಡಯಲ್ ಮಾಡಬೇಕು.

ಅದಕ್ಕೇ ನಾನು ರೂಟರ್ ತಗೊಳ್ಳಿ ಅನ್ನುತ್ತೇನೆ. ಅದೇ ಯೂಸರ್‌ನೇಮ್, ಪಾಸ್‌ವರ್ಡನ್ನು ರೂಟರಿನ ವ್ಯಾನ್ (WAN, ಹೊರಗಿನ ಲೈನಿನ) ಸೆಟ್ಟಿಂಗಿನಲ್ಲಿ ಹಾಕಿದರೆ ಡಯಲ್ ಮಾಡುವ ಕೆಲಸ ಅದರದ್ದು, ಕಂಪ್ಯೂಟರಿನಲ್ಲಿ ಯಾರ ಅಕೌಂಟ್ ತೆರೆದಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಕಂಪ್ಯೂಟರನ್ನು ನೇರ ಲೈನಿಗೆ ಸಿಕ್ಕಿಸಿಡುವುದು ಒಳ್ಳೆಯದಲ್ಲ. ರೂಟರ್ ಹಾಕಿದ ಮೇಲೂ ನೆಟ್ ಬಾರದಿದ್ದರೆ ನಿಮ್ಮ ಲೈನನ್ನು ಕಂಪ್ಯೂಟರಿನ ಮ್ಯಾಕ್ ಅಡ್ರೆಸ್‌ಗೆ, ಅಂದರೆ ಅದರ ಲ್ಯಾನ್ ಕಾರ್ಡಿನ ಗುರುತಿನ ಸಂಖ್ಯೆಗೆ, ಕಟ್ಟಿರಬಹುದು, ಕೇಬಲ್‌ನವರಿಗೆ ಫೋನ್ ಮಾಡಿ ರೂಟರಿನದಕ್ಕೆ ಬದಲಿಸಿಕೊಡಿ ಅನ್ನಿ. ಕಂಪ್ಯೂಟರಿನಿಂದ ಮಾತ್ರ ಮತ್ತೆ ಡಯಲ್ ಮಾಡಬೇಡಿ. ಒಂದೇ ಲಾಗಿನ್ ಎರಡು ಕಡೆ ನಡೆಯದಿದ್ದರೆ ಎರರ್ 691 ಬರುತ್ತದೆ, ಆಗ ಪಾಸ್‌ವರ್ಡೇ ತಪ್ಪೇನೋ ಅಂತ ತಲೆಕೆಡಿಸಿಕೊಳ್ಳುತ್ತೀರಿ.

ಪ್ರಶ್ನೆ (ಪಿಂಪ್ರಿ, ಪುಣೆ): ನಮ್ಮಲ್ಲಿ ರೂಟರ್ ಇದೆ. ಮಗನ ಅಕೌಂಟಿನಲ್ಲಿ ಎಲ್ಲಾ ತೆರೆಯುತ್ತದೆ. ನನ್ನದರಲ್ಲಿ ವೈಫೈ ಕನೆಕ್ಟೆಡ್ ಅಂತಲೇ ಇರುತ್ತದೆ, ಆದರೆ ಕ್ರೋಮ್, ಎಡ್ಜ್ ಎರಡರಲ್ಲೂ ಒಂದು ಪೇಜೂ ಬರುವುದಿಲ್ಲ.

ಉತ್ತರ: ನಿಮ್ಮ ಅಕೌಂಟಿನಲ್ಲಿ ಸ್ಟಾರ್ಟ್ ಮೆನುವಿನಲ್ಲಿ cmd ಅಂತ ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆದು 'ping 8.8.8.8' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ರಿಪ್ಲೈ ಬಂದರೆ ನೆಟ್ ನಿಮ್ಮ ತನಕ ಬರುತ್ತಿದೆ, ಬ್ರೌಸರ್‌ಗೆ ಮಾತ್ರ ಅಡ್ಡಿ. ಆಗ ನನ್ನ ಮೊದಲ ಅನುಮಾನ ಪ್ರಾಕ್ಸಿ ಮೇಲೆ, ಅಂದರೆ ಬ್ರೌಸರನ್ನು ನೇರ ನೆಟ್‌ಗೆ ಬಿಡದೆ ನಡುವಿನ ಇನ್ನೊಂದು ಕಂಪ್ಯೂಟರಿನ ಮೂಲಕ ಕಳಿಸುವ ಸೆಟ್ಟಿಂಗ್ ಮೇಲೆ, ಯಾಕಂದರೆ ಆ ಸೆಟ್ಟಿಂಗ್ ಸಾಮಾನ್ಯವಾಗಿ ಒಂದೊಂದು ಅಕೌಂಟಿಗೂ ಬೇರೆ. ಆಫೀಸ್ ಕೆಲಸಕ್ಕೆ ಯಾವತ್ತೋ ಹಾಕಿದ್ದು ಉಳಿದಿರಬಹುದು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿಗೆ ಹೋಗಿ 'ಯೂಸ್ ಎ ಪ್ರಾಕ್ಸಿ ಸರ್ವರ್' ಆಫ್ ಮಾಡಿ. ಅದು ತಾನಾಗೇ ಮತ್ತೆ ಆನ್ ಆದರೆ ಯಾವುದೋ ಕಳ್ಳ ಸಾಫ್ಟ್‌ವೇರ್ ಒಳಗೆ ಕೂತಿರುವ ಸಾಧ್ಯತೆ ಜಾಸ್ತಿ. ಮೊದಲು ವಿಂಡೋಸ್ ಡಿಫೆಂಡರ್‌ನಿಂದ ಫುಲ್ ಸ್ಕ್ಯಾನ್ ಮಾಡಿ. ಅದು ಮುಗಿಯುವ ತನಕ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡ.