ಆಸ್ಕರ್ ಮೀನಿಗೆ ಮನೆಯಲ್ಲಿ ಮಿಕ್ಕ ಚಿಕನ್, ಮಟನ್ ಚೂರು ಹಾಕಬಹುದಾ?

ಆಸ್ಕರ್ ಮಾಂಸ ತಿನ್ನುವ ಮೀನು, ಮಿಕ್ಕ ಚಿಕನ್, ಮಟನ್ ಹಾಕಿದರೆ ಪೆಲೆಟ್ (ಅಂಗಡಿಯಲ್ಲಿ ಸಿಗುವ ಮೀನಿನ ಕಾಳು) ಖರ್ಚು ಉಳಿಯುತ್ತದೆ ಅಲ್ವಾ ಅಂತ ಕೇಳಿದ್ದೀರಿ. ನನ್ನದೂ ಇದೇ ಲೆಕ್ಕವಾಗಿತ್ತು. ಆ ಲೆಕ್ಕದಲ್ಲೇ ನನ್ನ ಗುಂಡ ಹೋದ.

ಗುಂಡ ನನ್ನ ಮೊದಲ ಆಸ್ಕರ್. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಟಿವಿ ಪಕ್ಕ ಮೂರಡಿ ಟ್ಯಾಂಕು. ಅವನ ಅಳತೆಗೆ ಅದೂ ಚಿಕ್ಕದೇ, ಆಗ ಗೊತ್ತಿರಲಿಲ್ಲ. ತಂದಾಗ ಎರಡಿಂಚು ಇದ್ದವನು ವರ್ಷ ಕಳೆಯುವುದರೊಳಗೆ ನನ್ನ ಅಂಗೈ ದಾಟಿದ. ಭಾನುವಾರ ಅಮ್ಮ ಚಿಕನ್ ತೊಳೆಯುವಾಗ ಲಿವರ್ ಚೂರು ಎತ್ತಿಕೊಂಡು ಹೋಗಿ ಹಾಕುತ್ತಿದ್ದೆ. ಗುಳುಕ್ ಅಂತ ನುಂಗಿ, ಇನ್ನೂ ಬೇಕು ಅಂತ ಗಾಜಿಗೆ ಮೂತಿ ಒತ್ತುತ್ತಿದ್ದ. "ಇದೇನೋ ಇದು, ಮೀನೋ ನಾಯಿಮರಿಯೋ" ಅಂತ ಅಮ್ಮ ನಗುತ್ತಿದ್ದಳು. ಏಳೆಂಟು ತಿಂಗಳು ಹೀಗೇ ನಡೆಯಿತು, ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದೇ ನನ್ನ ತಲೆ ಕೆಡಿಸಿದ್ದು.

ಆ ವರ್ಷ ಹೊಸತೊಡಕಿಗೆ ಬೆಳಿಗ್ಗೆ ಐದು ಗಂಟೆಗೇ ಮಟನ್ ಅಂಗಡಿ ಮುಂದೆ ಕ್ಯೂ ನಿಂತು ಮೂರು ಕೆಜಿ ತಂದೆ. ಬಾಗೇಪಲ್ಲಿ ಕಡೆ ನಮ್ಮೂರಿಗೆ ಹೊರಡಬೇಕಿತ್ತು, ಎರಡು ರಾತ್ರಿ ಅಲ್ಲೇ. ಪಾಪ, ನಾವು ಅಲ್ಲಿ ಹಬ್ಬ ಮಾಡುತ್ತಿದ್ದರೆ ಗುಂಡ ಇಲ್ಲಿ ಉಪವಾಸ ಬೀಳುತ್ತಾನಲ್ಲ ಅಂತ ಕರುಳು ಚುರ್ ಅಂದಿತು. ಕೊಬ್ಬು ಅಂಟಿದ ಚೂರುಗಳನ್ನು ಒಂದು ಹಿಡಿ ಹಾಕಿ, ಮುಚ್ಚಳ ಮುಚ್ಚಿ, ಬಸ್ ಹತ್ತಿದೆ.

ತಪ್ಪು ಆಗಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ ಅವನಿಗೆ ಊಟವೇ ಬೇಕಿರಲಿಲ್ಲ. ಬೆಳೆದ ಆಸ್ಕರ್ ಒಂದು ವಾರ ತಿನ್ನದಿದ್ದರೂ ಆರಾಮಾಗಿರುತ್ತದೆ. ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಮೀನಿಗಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. ಎರಡನೆಯದು, ತಿಂದು ಬಿಟ್ಟ ಮಾಂಸ ನೀರಿನಲ್ಲಿ ಕೊಳೆತರೆ ಅಮೋನಿಯಾ ಬರುತ್ತದೆ, ಮೀನಿಗೆ ಅದು ವಿಷ. ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ, ನಿಜ. ಆದರೆ ದಿನಾ ಒಂದು ಚಿಟಿಕೆ ಪೆಲೆಟ್‌ಗೆ ಸಾಕಾಗುವಷ್ಟೇ ಬೆಳೆದಿರುತ್ತವೆ. ಒಂದು ಹಿಡಿ ಮಟನ್ ಸುಧಾರಿಸುವ ತಾಕತ್ತು ಅವಕ್ಕೆಲ್ಲಿ? ಇನ್ನು ನಮ್ಮ ಕಡೆಯ ಬೋರ್ ನೀರು ಗೊತ್ತಲ್ಲ, ಗಾಜಿನ ಮೇಲೆ ಬಿಳಿ ಪೊರೆ ಕಟ್ಟುವ ಗಡಸು ನೀರು. ನನ್ನ ಟೆಸ್ಟ್ ಕಿಟ್‌ನಲ್ಲಿ ಪಿಹೆಚ್ (ನೀರಿನ ಹುಳಿ-ಕ್ಷಾರದ ಅಳತೆ) 8 ದಾಟುತ್ತದೆ. ಪಿಹೆಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅದೇ ಪ್ರಮಾಣದ ಅಮೋನಿಯಾ ಜಾಸ್ತಿ ವಿಷವಾಗುತ್ತದೆ. ಯುಗಾದಿ ಸಮಯದ ಬಿಸಿಲು ಬೇರೆ. ಸಾಲದ್ದಕ್ಕೆ ಮೊದಲ ರಾತ್ರಿಯೇ ನಾಲ್ಕು ಗಂಟೆ ಕರೆಂಟ್ ಇರಲಿಲ್ಲವಂತೆ, ಪಕ್ಕದ ಮನೆಯವರು ಆಮೇಲೆ ಹೇಳಿದರು. ಗಾಳಿ ಪಂಪೂ ಇಲ್ಲ, ಫಿಲ್ಟರೂ ಇಲ್ಲ.

ವಾಪಸ್ ಬಂದು ಬಾಗಿಲು ತೆಗೆದಾಗಲೇ ವಾಸನೆ ಬಂತು. ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು, ಮೇಲೆ ಎಣ್ಣೆ ಪೊರೆ. ಗುಂಡ ಒಂದು ಮಗ್ಗುಲಾಗಿ ಬಿದ್ದಿದ್ದ.

ನುಗ್ಗೆಮರದ ಬುಡದಲ್ಲಿ ಹೂಳುವ ಮುಂಚೆ ಹೊಟ್ಟೆ ಕೊಯ್ದು ನೋಡಿದೆ. ಅಮ್ಮ "ಬೇಡ ಕಣೋ" ಅಂದಳು, ಕೇಳಲಿಲ್ಲ. ಕರುಳಿನ ಸುತ್ತ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಹಾಗೆ ಕೊಬ್ಬು ಮೆತ್ತಿಕೊಂಡಿತ್ತು. ಅದು ಎರಡು ದಿನದಲ್ಲಿ ಬಂದದ್ದಲ್ಲ, ತಿಂಗಳುಗಟ್ಟಲೆ ಹಾಕಿದ ಚೂರುಗಳದ್ದು. ಮಟನ್ ಕೊಬ್ಬಂತೂ ಇನ್ನೂ ಕಷ್ಟ. ರಾತ್ರಿ ಮಿಕ್ಕ ಮಟನ್ ಸಾರು ಬೆಳಿಗ್ಗೆ ನೋಡಿದ್ದೀರಾ? ಮೇಲೆ ಬಿಳಿ ಪದರ ಹೆಪ್ಪುಗಟ್ಟಿರುತ್ತದೆ, ಸೌಟಿನಲ್ಲಿ ಒಡೆಯಬೇಕು. ಆ ಕೊಬ್ಬು ಕರಗಬೇಕಾದರೆ 40 ಡಿಗ್ರಿ ದಾಟಬೇಕು. ಮೀನಿನ ಮೈ ಟ್ಯಾಂಕಿನ ನೀರಿನಷ್ಟೇ, 27-28 ಡಿಗ್ರಿ. ಮೀನೆಣ್ಣೆ ತಣ್ಣೀರಿನಲ್ಲೂ ನೀರಾಗಿಯೇ ಇರುತ್ತದೆ, ಅದನ್ನು ಅರಗಿಸುವ ಮೈ ಅದು. ಕುರಿ ಕೊಬ್ಬಿಗೆ ಮಾಡಿದ್ದಲ್ಲ. ಪೆಲೆಟ್ ಜಾಸ್ತಿ ಹಾಕಿದರೂ ಮೀನಿಗೆ ಕೊಬ್ಬು ಬರುತ್ತದೆ, ಒಪ್ಪುತ್ತೇನೆ. ಆದರೆ ನಾನು ಪೆಲೆಟ್ ಜಾಸ್ತಿ ಹಾಕಿದವನಲ್ಲ.

ಹಾಗಾಗಿ ನಿಮ್ಮ "ಮಾಂಸ ತಿನ್ನುವ ಮೀನು" ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಅಮೆಜಾನ್ ನದಿಯಲ್ಲಿ ಆಸ್ಕರ್ ತಿನ್ನುವುದು ಹುಳುಹುಪ್ಪಟೆ, ಸಿಗಡಿ, ಬಸವನಹುಳು, ಸಣ್ಣ ಮೀನು. ಅಲ್ಲಿ ಕುರಿ ಈಜುವುದಿಲ್ಲ. ಡಿಸ್ಕಸ್ ಅನ್ನುವ ಇನ್ನೊಂದು ಅಕ್ವೇರಿಯಂ ಮೀನು ಸಾಕುವವರು ದನದ ಹೃದಯ ರುಬ್ಬಿ ಹಾಕುತ್ತಾರಲ್ಲ ಅಂತ ಯಾರಾದರೂ ಹೇಳಬಹುದು. ಹಾಕುತ್ತಾರೆ. ಆದರೆ ಕೊಬ್ಬು, ನರ ಎಲ್ಲ ಕೊಯ್ದು ತೆಗೆದು, ಸಿಗಡಿ, ಸೊಪ್ಪು ಬೆರೆಸಿ, ಮೇಲಿಂದ ಮೇಲೆ ನೀರು ಬದಲಾಯಿಸುತ್ತಾರೆ. ನೀವು ಅಷ್ಟು ಮಾಡುವವರಾಗಿದ್ದರೆ ಪೆಲೆಟ್ ದುಡ್ಡಿನ ಚಿಂತೆ ಮಾಡುತ್ತಿರಲಿಲ್ಲ. ಮಟನ್ ಕೊಳ್ಳುವ ಮನೆಯಲ್ಲಿ ಪೆಲೆಟ್ ದುಬಾರಿ ಅನ್ನುವುದೂ ಸರಿಯಲ್ಲ ಬಿಡಿ. ಸಾರಿನಲ್ಲಿ ಬೆಂದ ಪೀಸಂತೂ ಬೇಡವೇ ಬೇಡ, ಉಪ್ಪು, ಖಾರ, ಈರುಳ್ಳಿ ಎಲ್ಲ ಹೀರಿಕೊಂಡಿರುತ್ತದೆ.

ಈಗ ನನ್ನ ಹತ್ತಿರ ಇನ್ನೊಂದು ಆಸ್ಕರ್ ಇದೆ, ನಾಲ್ಕಡಿ ಟ್ಯಾಂಕು. ದಿನಾ ಪೆಲೆಟ್. ವಾರಕ್ಕೊಮ್ಮೆ ಸಿಪ್ಪೆ ಸಮೇತ ಸಿಗಡಿ, ಇಲ್ಲವೇ ಜಿಲೇಬಿ ಮೀನಿನ (ತಿಲಾಪಿಯಾ) ಮುಳ್ಳು ತೆಗೆದ ಚೂರು. ಜಿಲೇಬಿಯೂ ಆಸ್ಕರ್‌ನ ಕುಟುಂಬದ್ದೇ, ಎರಡೂ ಸಿಕ್ಲಿಡ್ ಅನ್ನುವ ಗುಂಪಿನ ಮೀನು. ಶಿಡ್ಲಘಟ್ಟ ಕಡೆ ನೂಲು ತೆಗೆದು ಮಿಕ್ಕ ರೇಷ್ಮೆ ಹುಳ ಸಿಗುತ್ತದೆ. ಒಣಗಿಸಿದ್ದು ಒಂದೆರಡು ಅಪರೂಪಕ್ಕೆ ಹಾಕುತ್ತೇನೆ. ಅದರಲ್ಲೂ ಎಣ್ಣೆ ಜಾಸ್ತಿ, ವಾಸನೆಗೆ ಅಮ್ಮ ಡಬ್ಬವನ್ನು ಮನೆಯೊಳಗೆ ಇಡಲು ಬಿಡುವುದಿಲ್ಲ. ಊರಿಗೆ ಹೋಗುವಾಗ ಏನೂ ಹಾಕುವುದಿಲ್ಲ.

ನೀವು ಈಗಾಗಲೇ ಮಟನ್ ಹಾಕಿಬಿಟ್ಟಿದ್ದರೆ ಓದುವುದು ಬಿಟ್ಟು ಎದ್ದು ಹೋಗಿ. ಬಲೆಯಲ್ಲಿ ಚೂರು ಎಲ್ಲ ತೆಗೆಯಿರಿ, ಕಲ್ಲಿನ ಸಂದಿಯಲ್ಲೂ ನೋಡಿ. ಮೂರರಲ್ಲಿ ಒಂದು ಪಾಲು ನೀರು ಬದಲಾಯಿಸಿ, ಫಿಲ್ಟರ್ ಆಫ್ ಮಾಡಬೇಡಿ. ಎರಡು ದಿನ ಊಟ ಕೊಡಬೇಡಿ. ಗಾಜಿಗೆ ಮೂತಿ ಒತ್ತಿ ಕೇಳುತ್ತದೆ, ಆಗಲೂ ಕೊಡಬೇಡಿ.